ಬಣ್ಣದ ಪೆಟ್ಟಿಗೆ ಹೊತ್ತು ಬಂದ ಪರದೇಶಿ

ಗುಂಡ್ಲುಪೇಟೆ ಮತ್ತು ಚಾಮರಾಜನಗರ ಎಂಬ ಈ ಎರಡು ನೆರೆಯೂರುಗಳಿಗೆ ಒಂದು ಸಮಾನಧರ್ಮವುಂಟು. ಎರಡೂ ಮಕ್ಕಳು ತಂದೆಯ ಸ್ಮರಣೆಗಾಗಿ ಗುಡಿ ಕಟ್ಟಿಸಿದ ಊರುಗಳು. ಹಿಂದೆ ವಿಜಯಪುರವೆನಿಸಿದ್ದ ಗುಂಡ್ಲುಪೇಟೆಯಲ್ಲಿ ತಮ್ಮ ತಂದೆ ದೊಡ್ಡದೇವರಾಜ ಒಡೆಯರು ತೀರಿಕೊಂಡುದರಿಂದ ಚಿಕ್ಕದೇವರಾಜ ಒಡೆಯರು ಅಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. ಅದಾಗಿ ಸುಮಾರು ಒಂದೂವರೆ ಶತಮಾನ ಕಳೆದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಖಾಸಾ ಚಾಮರಾಜ ಒಡೆಯರು ಹುಟ್ಟಿದ ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟರು. 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಪೂರೈಸಿದರು. ತಂದೆ ಹುಟ್ಟಿದ ನೆಲದಲ್ಲಿ ಜನನ ಮಂಟಪವನ್ನು ಎತ್ತಿಸಿದರು.

ಪಿತೃಭಕ್ತಿಯ ಈ ಎರಡು ಸಾಕ್ಷಿಗಳೂ ಕಲ್ಲಿನವು. ಕಲ್ಲು ಹೆಸರನ್ನು ಕಾಯುವುದರಲ್ಲಿ ಬಲು ನಿಷ್ಠೆಯದು. ಆದರೆ ಮನುಷ್ಯನ ಮುಖ, ಆ ಹುಬ್ಬಿನ ಗಂಟು, ಕಣ್ಣಿನ ದಣಿವು, ತುಟಿಯಂಚಿನಲ್ಲಿ ಅಡಗಿದ ಹಟ, ಇವನ್ನು ಹಿಡಿದಿಡುವುದು ಕಲ್ಲಿನ ಕೆಲಸವಲ್ಲ. ಕ್ಯಾಮೆರಾ ಇನ್ನೂ ಹುಟ್ಟದಿದ್ದ ಆ ಕಾಲದಲ್ಲಿ, ಮುಖವನ್ನು ಇದ್ದಂತೆಯೇ ಬಟ್ಟೆಯ ಮೇಲೆ ಇಳಿಸಿಕೊಡುತ್ತೇವೆಂದು ಹೇಳಿಕೊಂಡು ಸಮುದ್ರ ದಾಟಿ ಬಂದವರು ಯೂರೋಪಿನ ಭಾವಚಿತ್ರಕಾರರು. ಅವರಲ್ಲಿ ಒಬ್ಬನ ಕುಂಚದಿಂದ, ಇಂದು ಚಾಮರಾಜನಗರ ಜಿಲ್ಲೆಯೆನಿಸಿಕೊಂಡಿರುವ ಈ ಸೀಮೆಗೆ ಸಂಬಂಧಪಟ್ಟ ಮೂರು ಮುಖಗಳು ನಮಗೆ ಉಳಿದುಬಂದಿವೆ. ಒಂದು ಯಳಂದೂರಿನ ಜಹಗೀರು ಪಡೆದ ಮಂತ್ರಿಯದು. ಒಂದು ಅರಿಕುಠಾರದ ಚಾಮರಾಜರ ಸೊಸೆಯಾಗಿ ಬಂದ ಎಳೆಯ ರಾಣಿಯದು. ಮತ್ತೊಂದು ಮಲೆಯೂರಿನ ಒಬ್ಬ ಪಂಡಿತರದು. ಆ ಚಿತ್ರಕಾರನ ಹೆಸರು ಥಾಮಸ್ ಹಿಕಿ. ಮೂರು ಮುಖಗಳೂ ಇಂದು ನಮ್ಮ ಊರಿನಲ್ಲಿಲ್ಲ. ನಮ್ಮ ದೇಶದಲ್ಲಿಯೂ ಇಲ್ಲ. ಅವು ಹೇಗೆ ಹುಟ್ಟಿದವು, ಎಲ್ಲಿಗೆ ಹೋದವು, ಅವುಗಳಿಗೆ ಹೆಸರು ಹೇಗೆ ತಪ್ಪಿತು, ಮತ್ತೆ ಹೇಗೆ ಸಿಕ್ಕಿತು ಎಂಬುದೇ ಈ ಲೇಖನದ ವಸ್ತು.

ಮಿಠಾಯಿ ಅಂಗಡಿಯವನ ಮಗ

ಥಾಮಸ್ ಹಿಕಿ ಹುಟ್ಟಿದ್ದು 1741ರಲ್ಲಿ, ಐರ್ಲೆಂಡಿನ ಡಬ್ಲಿನ್ ನಗರದಲ್ಲಿ. ತಂದೆ ನೋವಾ ಹಿಕಿಗೆ ಅಲ್ಲಿಯ ಕೇಪಲ್ ಬೀದಿಯಲ್ಲಿ ಮಿಠಾಯಿ ಅಂಗಡಿಯಿತ್ತು. ಸಕ್ಕರೆಯ ಪಾಕದ ನಡುವೆ ಬೆಳೆದ ಮಕ್ಕಳಿಗೆ ಹತ್ತಿದ್ದು ಕಲೆಯ ಹುಚ್ಚು. ತಮ್ಮ ಜಾನ್ ಶಿಲ್ಪಿಯಾದನು. ಅಣ್ಣ ಥಾಮಸ್ ಡಬ್ಲಿನ್ನಿನ ಚಿತ್ರಶಾಲೆಯಲ್ಲಿ ರಾಬರ್ಟ್ ವೆಸ್ಟ್ ಎಂಬ ಗುರುವಿನ ಬಳಿ ಕೈ ಪಳಗಿಸಿಕೊಂಡು, ಇಪ್ಪತ್ತರ ಹರೆಯದಲ್ಲಿ ಇಟಲಿಗೆ ಹೋಗಿ ರೋಮ್ ಮತ್ತು ನೇಪಲ್ಸ್ ನಗರಗಳಲ್ಲಿ ಕೆಲವು ವರ್ಷ ಕಲಿತು ಬಂದನು. ಆ ಕಾಲದಲ್ಲಿ ಇಟಲಿಯನ್ನು ಕಾಣದ ಚಿತ್ರಕಾರನಿಗೆ ಯೂರೋಪಿನಲ್ಲಿ ಬೆಲೆಯಿರಲಿಲ್ಲ.

ಆದರೆ ಇಟಲಿಯನ್ನು ಕಂಡು ಬಂದವರೆಲ್ಲರಿಗೂ ಬೆಲೆ ಬಂದಿತೆಂದಲ್ಲ. ಡಬ್ಲಿನ್ನಿನಲ್ಲಿ ಗಿರಾಕಿಗಳು ಕಡಿಮೆ. ಲಂಡನ್ನಿಗೆ ಹೋದರೆ ಅಲ್ಲಿ ರೆನಾಲ್ಡ್ಸ್, ಗೇನ್ಸ್‌ಬರೋ ಮೊದಲಾದ ಘಟಾನುಘಟಿಗಳು. ದೊಡ್ಡ ಆಲದ ಕೆಳಗೆ ಸಣ್ಣ ಗಿಡ ಚಿಗುರುವುದುಂಟೆ? ಹಿಕಿ ಬಾತ್ ಎಂಬ ಊರಿಗೆ ಹೋಗಿ ಅಲ್ಲಿಯೂ ಕೆಲವು ವರ್ಷ ಅದೃಷ್ಟವನ್ನು ಪರೀಕ್ಷಿಸಿದನು. ಕೊನೆಗೆ 1780ರಲ್ಲಿ, ತನ್ನ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಇಂಡಿಯಾಕ್ಕೆ ಹೋಗುವುದೆಂದು ನಿರ್ಧರಿಸಿ ಹಡಗು ಹತ್ತಿದನು.

ಇಂಡಿಯಾದ ಆಸೆಗೆ ಕಾರಣವಿಲ್ಲದಿರಲಿಲ್ಲ. 1769ರಲ್ಲಿ ಮದರಾಸಿಗೆ ಬಂದಿಳಿದ ಟಿಲ್ಲಿ ಕೆಟಲ್ ಎಂಬ ಚಿತ್ರಕಾರನು ಏಳೆಂಟು ವರ್ಷಗಳಲ್ಲಿ ಕೈತುಂಬ ಸಂಪಾದಿಸಿಕೊಂಡು ಹಿಂದಿರುಗಿದ ಸುದ್ದಿ ಲಂಡನ್ನಿನಲ್ಲೆಲ್ಲ ಹಬ್ಬಿತ್ತು. ಕಂಪೆನಿಯ ಅಧಿಕಾರಿಗಳು ಹಣವಂತರು. ಊರಿಗೆ ಮರಳುವೆವೋ ಇಲ್ಲವೋ ಎಂಬ ಅಳುಕಿನಲ್ಲಿ ಬದುಕುತ್ತಿದ್ದವರು. ತಮ್ಮ ಮುಖವನ್ನಾದರೂ ಊರಿಗೆ ಕಳುಹಿಸೋಣವೆಂಬ ಹಂಬಲ ಅವರಿಗೆ. ತಲೆ ಮಾತ್ರ ಬರೆದರೆ ಒಂದು ಬೆಲೆ, ಸೊಂಟದವರೆಗೆ ಬರೆದರೆ ಒಂದು, ಪೂರ್ಣ ಆಕೃತಿಗೆ ಇನ್ನೊಂದು. ಹೀಗೆ ಬಟ್ಟೆಯ ಅಳತೆಯಂತೆ ಭಾವಚಿತ್ರದ ದರ ಏರುತ್ತಿತ್ತು.

ಆದರೆ ಹಿಕಿಯ ಪ್ರಯಾಣಕ್ಕೆ ಮೊದಲ ಹೆಜ್ಜೆಯಲ್ಲಿಯೇ ವಿಘ್ನ. 1780ರ ಆಗಸ್ಟ್ ತಿಂಗಳಲ್ಲಿ ಫ್ರೆಂಚ್ ಮತ್ತು ಸ್ಪ್ಯಾನಿಷ್ ನೌಕಾಪಡೆಗಳು ಆ ಹಡಗುಗಳ ತಂಡವನ್ನೇ ಹಿಡಿದು ಸ್ಪೇನಿನ ಕಾದಿಸ್ ಬಂದರಿಗೆ ಒಯ್ದವು. ಬಿಡುಗಡೆ ಹೊಂದಿದ ಹಿಕಿ ಪೋರ್ಚುಗಲ್ಲಿನ ಲಿಸ್ಬನ್ ಸೇರಿ, ಅಲ್ಲಿ ಮೂರು ವರ್ಷಗಳಷ್ಟು ಕಾಲ ಚಿತ್ರ ಬರೆದು ಹೊಟ್ಟೆ ಹೊರೆದು, 1784ರಲ್ಲಿ ಅಂತೂ ಕಲ್ಕತ್ತೆಯನ್ನು ತಲಪಿದನು. ಅಲ್ಲಿ ಏಳು ವರ್ಷ ಇದ್ದನು. 1788ರಲ್ಲಿ ಚಿತ್ರಕಲೆ ಮತ್ತು ಶಿಲ್ಪಕಲೆಗಳ ಚರಿತ್ರೆಯೊಂದರ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದನು. ಎರಡನೆಯದು ಹೊರಬರಲೇ ಇಲ್ಲ. 1791ರಲ್ಲಿ ಇಂಗ್ಲೆಂಡಿಗೆ ಹಿಂದಿರುಗಿದವನು ಮರುವರ್ಷವೇ ಲಾರ್ಡ್ ಮೆಕಾರ್ಟ್ನಿಯ ರಾಯಭಾರದೊಡನೆ ಅಧಿಕೃತ ಚಿತ್ರಕಾರನಾಗಿ ಚೀನಾದೇಶಕ್ಕೆ ಹೊರಟನು. ಅಲ್ಲಿ ಈತ ಕುಂಚ ಮುಟ್ಟಿದ್ದು ಅತಿ ಕಡಿಮೆ. ಚೀನಾದ ನೂರಾರು ನೋಟಗಳನ್ನು ಬರೆದು ಹೆಸರು ಗಳಿಸಿದವನು ಈತನ ಕೈಕೆಳಗಿನ ತರುಣ ವಿಲಿಯಂ ಅಲೆಕ್ಸಾಂಡರ್.

ವಿದ್ಯೆಯಿದ್ದರೂ ಲಕ್ಷ್ಮಿಯೊಲಿಯದ ಇಂಥ ಜೀವಗಳು ಎಲ್ಲ ದೇಶಗಳಲ್ಲಿಯೂ ಉಂಟು. ಹಿಕಿಗಿಂತ ಎರಡು ತಲೆಮಾರು ಹಿಂದೆ, ಸ್ಕಾಟ್ಲೆಂಡಿನ ಜಾನ್ ಸ್ಮೈಬರ್ಟ್ ಎಂಬ ಚಿತ್ರಕಾರನು ಇದೇ ಹಾದಿಯನ್ನು ಪಶ್ಚಿಮ ದಿಕ್ಕಿಗೆ ತುಳಿದಿದ್ದನು. 1688ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿ ಇಟಲಿಯಲ್ಲಿ ಕಲಿತ ಆತನನ್ನು, ತತ್ತ್ವಶಾಸ್ತ್ರಜ್ಞನಾದ ಜಾರ್ಜ್ ಬರ್ಕ್ಲಿ ಅಮೆರಿಕಕ್ಕೆ ಕರೆದೊಯ್ದನು. ಬರ್ಮುಡಾ ದ್ವೀಪದಲ್ಲಿ ಒಂದು ಕಾಲೇಜನ್ನು ತೆರೆಯಬೇಕು, ಅದರಲ್ಲಿ ಸ್ಮೈಬರ್ಟ್ ಚಿತ್ರಕಲೆಯನ್ನು ಬೋಧಿಸಬೇಕು ಎಂಬುದು ಬರ್ಕ್ಲಿಯ ಹಂಚಿಕೆ. 1729ರಲ್ಲಿ ಅವರು ಅಮೆರಿಕದ ದಡ ಸೇರಿದರು. ಇಂಗ್ಲೆಂಡಿನ ಪಾರ್ಲಿಮೆಂಟು ಕೊಡುವೆನೆಂದ 20,000 ಪೌಂಡು ಕೊನೆಗೂ ಬರಲಿಲ್ಲ. ಬರ್ಕ್ಲಿ 1731ರಲ್ಲಿ ಮರಳಿ ಹೋದನು. ಸ್ಮೈಬರ್ಟ್ ಬಾಸ್ಟನ್ ನಗರದಲ್ಲಿಯೇ ನಿಂತನು. ಅಲ್ಲಿಯ ವರ್ತಕರ, ಪಾದ್ರಿಗಳ, ನ್ಯಾಯಾಧೀಶರ ಚಿತ್ರಗಳನ್ನು ಬರೆದನು. ಬದುಕು ಸಾಗಿಸಲು ಬಣ್ಣ, ಕುಂಚ, ಮುದ್ರಿತ ಚಿತ್ರಗಳನ್ನು ಮಾರುವ ಅಂಗಡಿಯನ್ನೂ ತೆರೆದನು. 1751ರಲ್ಲಿ ಅಲ್ಲಿಯೇ ತೀರಿಕೊಂಡನು. ಹೊಸ ನಾಡಿನ ಮೊದಲ ತಲೆಮಾರಿನ ಮುಖಗಳು ಇಂದು ಅಮೆರಿಕನ್ನರಿಗೆ ಗೊತ್ತಿರುವುದು ಬಹುಮಟ್ಟಿಗೆ ಈ ವಲಸೆಗಾರನ ದೆಸೆಯಿಂದ. ದೊಡ್ಡವರ ದೊಡ್ಡ ಯೋಜನೆಯನ್ನು ನಂಬಿ ಹೊರಟು, ಆ ಯೋಜನೆ ಮುರಿದು ಬಿದ್ದಮೇಲೆ ಪರಸ್ಥಳದಲ್ಲಿ ಬೇರೂರಿದ ಸ್ಮೈಬರ್ಟನ ಕಥೆಯೇ ಮುಂದೆ ಹಿಕಿಯ ಕಥೆಯೂ ಆಯಿತು.

ಶ್ರೀರಂಗಪಟ್ಟಣದ ಏಳು ಚಿತ್ರಗಳು

1798ರಲ್ಲಿ ಹಿಕಿ ಎರಡನೆಯ ಸಲ ಇಂಡಿಯಾಕ್ಕೆ ಬಂದನು. ಈ ಬಾರಿ ಇಳಿದದ್ದು ಮದರಾಸಿನಲ್ಲಿ. ವಯಸ್ಸು ಐವತ್ತೇಳು, ಜೊತೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಮರುವರ್ಷ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಸುಲ್ತಾನ್ ಹೋರಾಡುತ್ತ ಮಡಿದನು. ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಇಂಗ್ಲೆಂಡಿನಲ್ಲೆಲ್ಲ ಶ್ರೀರಂಗಪಟ್ಟಣದ್ದೇ ಮಾತು. ಇದೀಗ ತನ್ನ ಕಾಲ ಬಂದಿತೆಂದು ಹಿಕಿ ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಆತನು ಹೂಡಿದ ಯೋಜನೆ ಭವ್ಯವಾದುದು. ಮೈಸೂರು ಯುದ್ಧದ ಘಟನೆಗಳನ್ನು ಕುರಿತು ಏಳು ಮಹಾಚಿತ್ರಗಳನ್ನು ಬರೆಯಬೇಕು. ಅವುಗಳಲ್ಲಿ ಬರುವ ಪ್ರತಿಯೊಬ್ಬನ ಮುಖವೂ ನಿಜವಾದ ಮುಖವಾಗಿರಬೇಕು. ಅದಕ್ಕಾಗಿ ಯುದ್ಧದಲ್ಲಿದ್ದ ಅಧಿಕಾರಿಗಳನ್ನು ಒಬ್ಬೊಬ್ಬರನ್ನಾಗಿ ಕುಳ್ಳಿರಿಸಿಕೊಂಡು ಸೀಮೆಸುಣ್ಣದ ಕಡ್ಡಿಗಳಿಂದ ಐವತ್ತಕ್ಕೂ ಮಿಕ್ಕ ಮುಖಗಳನ್ನು ಬರೆದಿಟ್ಟನು. ಇವನ್ನು ಇಂದು ನೋಡಿದರೂ ಹಿಕಿಯ ಕೈಯ ಹಿಡಿತ ತಿಳಿಯುತ್ತದೆ. ತೈಲವರ್ಣದಲ್ಲಿ ಕೆಲವೊಮ್ಮೆ ಬಿಗಿದುಕೊಂಡಂತೆ ತೋರುವ ಆತನ ರೇಖೆ ಇಲ್ಲಿ ಸಲೀಸಾಗಿ ಓಡುತ್ತದೆ. ಟಿಪ್ಪುವಿನ ಮಕ್ಕಳ ಭಾವಚಿತ್ರಗಳನ್ನೂ ಬರೆದನು; ಅವು ಗವರ್ನರ್ ಜನರಲ್ ವೆಲ್ಲೆಸ್ಲಿಯ ಕಲ್ಕತ್ತೆಯ ಭವನವನ್ನು ಸೇರಿದವು. ಟಿಪ್ಪುವಿನ ಮಕ್ಕಳನ್ನು ಮೊದಲು ವೆಲ್ಲೂರಿನ ಕೋಟೆಯಲ್ಲಿಟ್ಟಿದ್ದು, 1806ರ ಸಿಪಾಯಿ ದಂಗೆಯ ಮೇಲೆ ಕಲ್ಕತ್ತೆಗೆ ಸಾಗಿಸಿದರು. ತಮಗಿಂತ ಮೊದಲೇ ತಮ್ಮ ಚಿತ್ರಗಳು ತಮ್ಮ ಗಡೀಪಾರಿನ ಊರನ್ನು ಸೇರಿದ್ದನ್ನು ಆ ರಾಜಕುಮಾರರು ಅರಿತಿದ್ದರೋ ಏನೋ!

ಇತ್ತ ಏಳು ಮಹಾಚಿತ್ರಗಳು ಏನಾದುವು? ಒಂದೂ ಮುಗಿಯಲಿಲ್ಲ. ಹಿಕಿ ಮದರಾಸಿನಲ್ಲಿ ನಿಜವಾದ ಮುಖಗಳನ್ನು ಒಂದೊಂದಾಗಿ ಕೂಡಿಸುತ್ತಿರುವಷ್ಟರಲ್ಲಿ, 1800ರಲ್ಲಿ ಲಂಡನ್ನಿನಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣನು ಶ್ರೀರಂಗಪಟ್ಟಣದ ಮುತ್ತಿಗೆಯನ್ನು 120 ಅಡಿ ಉದ್ದದ ಬಟ್ಟೆಯ ಮೇಲೆ ಆರು ವಾರಗಳಲ್ಲಿ ಬರೆದು ಮುಗಿಸಿ, ಟಿಕೆಟ್ಟು ಇಟ್ಟು ಪ್ರದರ್ಶಿಸಿದನು. ಜನ ಮುಗಿಬಿದ್ದು ನೋಡಿದರು. ಪೋರ್ಟರನು ಕಾವೇರಿಯನ್ನಾಗಲಿ ಶ್ರೀರಂಗಪಟ್ಟಣವನ್ನಾಗಲಿ ಕಣ್ಣಿನಿಂದ ಕಂಡವನೇ ಅಲ್ಲ! ಸ್ಥಳಕ್ಕೆ ಹೋಗಿ, ಮನುಷ್ಯರನ್ನು ಕಂಡು, ನಿಜವನ್ನೇ ಬರೆಯುವೆನೆಂದು ಕುಳಿತವನು ಹಿಂದುಳಿದನು. ಕೇಳಿದ್ದನ್ನು ಬಣ್ಣ ಕಟ್ಟಿ ಹರವಿದವನು ಹಣವನ್ನೂ ಹೆಸರನ್ನೂ ಗಳಿಸಿದನು. ಇದು ಹಳೆಯ ಕಾಲದ ಮಾತೆಂದು ನಾವು ನಗುವಂತಿಲ್ಲ.

ಮೂರು ಪ್ರಭುಗಳ ಮಂತ್ರಿ

ಏಳು ಚಿತ್ರಗಳ ಕನಸು ಕರಗಿದರೂ ಮೈಸೂರಿನ ನಂಟು ಹಿಕಿಗೆ ಬಿಡಲಿಲ್ಲ. 1801ರ ಸುಮಾರಿಗೆ ಆತನು ದಿವಾನ್ ಪೂರ್ಣಯ್ಯನವರ ಭಾವಚಿತ್ರವನ್ನು ಬರೆದನು.

ಪೂರ್ಣಯ್ಯನವರ ಪರಿಚಯ ಕನ್ನಡಿಗರಿಗೆ ಬೇಕಿಲ್ಲ. ಹೈದರ್, ಟಿಪ್ಪು, ಒಡೆಯರು, ಹೀಗೆ ಮೂವರು ಪ್ರಭುಗಳನ್ನು ಸೇವಿಸಿದ ಮಂತ್ರಿ ಅವರು. ಒಂದು ರಾಜ್ಯ ಮುಳುಗಿ ಇನ್ನೊಂದು ಏಳುವಾಗ ಲೆಕ್ಕಪತ್ರದ ದಾರವನ್ನು ಕೈಬಿಡದೆ ಹಿಡಿದಿದ್ದವರು. ಅವರ ಚಾತುರ್ಯವನ್ನು ಕೊಂಡಾಡುವವರುಂಟು. ನಿಷ್ಠೆಯನ್ನು ಸಂಶಯಿಸುವವರೂ ಉಂಟು. ಒಡೆಯರ ಬಾಲ್ಯದ ಹನ್ನೆರಡು ವರ್ಷ ಅವರೇ ಆಡಳಿತ ನಡೆಸಿದರು. 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ವೆಲ್ಲೆಸ್ಲಿ ಸೇತುವೆಯನ್ನು ಕಟ್ಟಿಸಿದರು. 1807ರ ಕೊನೆಯಲ್ಲಿ ಅವರಿಗೆ ಯಳಂದೂರು ಜಹಗೀರಾಗಿ ದೊರೆಯಿತು. 1812ರಲ್ಲಿ ಅವರು ಕಾಲವಾದ ಮೇಲೆಯೂ ಆ ಮನೆತನ ಯಳಂದೂರಿನಲ್ಲಿ ಬೆಳಗಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನ ದಿವಾನರಾದ ಪಿ. ಎನ್. ಕೃಷ್ಣಮೂರ್ತಿಯವರು ಇದೇ ವಂಶದವರು. ಚಾಮರಾಜನಗರದಿಂದ ಕೊಳ್ಳೇಗಾಲಕ್ಕೆ ಹೋಗುವವರು ಯಳಂದೂರಿನಲ್ಲಿ ಇಳಿದು, ಗೌರೀಶ್ವರ ದೇವಾಲಯದ ಮುಂದಿನ ಬಳೆಮಂಟಪದ ಕಲ್ಲಿನ ಸರಪಳಿಗಳನ್ನು ನೋಡಿ ಬೆರಗಾಗುತ್ತಾರೆ. ಆ ಊರಿನ ಜಹಗೀರುದಾರರ ಮುಖವನ್ನು ನೋಡಬೇಕಾದರೆ ಮಾತ್ರ ಅಮೆರಿಕಕ್ಕೆ ಹೋಗಬೇಕು.

ಏಕೆಂದರೆ ಹಿಕಿ ಬರೆದ ಪೂರ್ಣಯ್ಯನವರ ಚಿತ್ರ ಇಂದು ಅಮೆರಿಕದ ನ್ಯೂ ಹೇವನ್ ನಗರದ ಯೇಲ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಲಾಕೇಂದ್ರದಲ್ಲಿದೆ. ವಿಧಿಯ ವಿನೋದವನ್ನು ನೋಡಿರಿ. ಅದೇ ವಿಶ್ವವಿದ್ಯಾಲಯದ ಇನ್ನೊಂದು ಕಲಾಶಾಲೆಯಲ್ಲಿಯೇ, ಸ್ಮೈಬರ್ಟ್ ಬರೆದ ಬರ್ಕ್ಲಿ ಮತ್ತು ಆತನ ಸಂಗಡಿಗರ ಪ್ರಸಿದ್ಧ ಗುಂಪುಚಿತ್ರವೂ ಇದೆ. ಪೂರ್ವಕ್ಕೆ ಬಂದ ಪರದೇಶಿಯ ಕೃತಿ, ಪಶ್ಚಿಮಕ್ಕೆ ಹೋದ ಪರದೇಶಿಯ ಕೃತಿ ಎರಡೂ ಒಂದೇ ಊರಿನಲ್ಲಿ ನೆರೆಹೊರೆಯಾಗಿವೆ. ಆ ವಿಶ್ವವಿದ್ಯಾಲಯಕ್ಕೆ ತನ್ನ ಹೆಸರನ್ನು ಕೊಟ್ಟ ಎಲಿಹು ಯೇಲ್ ಹದಿನೇಳನೆಯ ಶತಮಾನದಲ್ಲಿ ಮದರಾಸಿನ ಕೋಟೆಯ ಗವರ್ನರನಾಗಿದ್ದು, ಅಲ್ಲಿಯೇ ಐಶ್ವರ್ಯವನ್ನು ಕೂಡಿಸಿದವನು. ಹೀಗೆ ಮದರಾಸಿನ ಹಣ, ಮೈಸೂರಿನ ಮುಖ ಎರಡೂ ಒಂದೇ ಕಡೆ ಸೇರಿದಂತಾಯಿತು.

ಸೆರಗು ಸರಿಸಿದ ರಾಣಿ

ಎರಡನೆಯ ಚಿತ್ರದ ಕಥೆ ಇದಕ್ಕಿಂತಲೂ ಸ್ವಾರಸ್ಯವಾದುದು. 1805ರದೆಂದು ಹೇಳುವ, ಹಿಕಿಯದೆಂದು ಗುರುತಿಸಲಾದ ಒಂದು ತೈಲಚಿತ್ರದಲ್ಲಿ ಮೂವರು ಹೆಂಗಸರಿದ್ದಾರೆ. ಮೈತುಂಬ ಒಡವೆ, ನೋಟದಲ್ಲಿ ಗಾಂಭೀರ್ಯ. ಬಲಗಡೆಯ ಎಳೆಯ ಹೆಣ್ಣುಮಗಳು ಸೀರೆಯ ಸೆರಗನ್ನು ಸರಿಸಿ ಎಡದ ತೋಳನ್ನು ತೋರಿಸುತ್ತಿದ್ದಾಳೆ. ಹೆಸರು ಮರೆತುಹೋದ ಈ ಚಿತ್ರವನ್ನು ಬಹುಕಾಲ ನರ್ತಕಿಯರದೆಂದೋ, ರಾಜರ ಭೋಗಸ್ತ್ರೀಯರದೆಂದೋ ತಿಳಿದಿದ್ದರು. ಪರದೇಶಿ ಚಿತ್ರಕಾರನೆದುರು ಮುಖ ತೆರೆದು ನಿಂತ ಹೆಂಗಸು ಮತ್ತೆ ಯಾರಾಗಿದ್ದಾಳು ಎಂಬ ತರ್ಕ!

2001ರಲ್ಲಿ ಕೇಂಬ್ರಿಜ್ಜಿನ ಇತಿಹಾಸಕಾರ ನೈಜಲ್ ಚಾನ್ಸೆಲರ್ ಎಂಬವರು ಈ ತರ್ಕವನ್ನು ತಲೆಕೆಳಗು ಮಾಡಿದರು. ಒಡವೆ ಉಡುಪುಗಳು ಮೈಸೂರು ಅರಮನೆಯವು; ಕಾಲವೂ ಹೊಂದುತ್ತದೆ. 1805ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ವಿವಾಹವಾಯಿತು. ಇಬ್ಬರು ರಾಣಿಯರು, ಇಬ್ಬರ ಹೆಸರೂ ದೇವಾಜಮ್ಮಣ್ಣಿ. ಕಿರಿಯ ರಾಣಿಗೆ ಹನ್ನೆರಡರ ವಯಸ್ಸು. ಚಾನ್ಸೆಲರ್ ಅವರ ಮತದಂತೆ ಬಲಗಡೆಯವರು ಕಿರಿಯ ರಾಣಿ, ಎಡಗಡೆಯವರು ಹಿರಿಯ ರಾಣಿ. ನಡುವೆ ಇರುವವರು ಇಬ್ಬರಿಗೂ ಹಿರಿಯರಾದ ರಾಜಮಾತೆ ಲಕ್ಷ್ಮಮ್ಮಣ್ಣಿಯವರು. ಹೈದರ್ ಮತ್ತು ಟಿಪ್ಪುವಿನ ಕಾಲದುದ್ದಕ್ಕೂ ಒಡೆಯರ ಮನೆತನವನ್ನು ಕಾಪಾಡಿಕೊಂಡು, ಮದರಾಸಿನ ಇಂಗ್ಲಿಷರೊಡನೆ ಗುಟ್ಟಾಗಿ ಮಾತುಕತೆ ನಡೆಸಿ, ಮೊಮ್ಮಗನಿಗೆ ಪಟ್ಟ ಕಟ್ಟಿಸಿದ ಧೀರೆ ಅವರೇ.

ಹಾಗಾದರೆ ಸೆರಗು ಸರಿದದ್ದೇಕೆ? ಇದಕ್ಕೆ ಉತ್ತರ ಸಿಡುಬು ರೋಗದ ಚರಿತ್ರೆಯಲ್ಲಿದೆ. ಹಸುವಿನ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು 1796ರಲ್ಲಿ ಎಡ್ವರ್ಡ್ ಜೆನ್ನರ್ ಪ್ರಯೋಗದಿಂದ ತೋರಿಸಿದನು. ಇಂಡಿಯಾದಲ್ಲಿ ಮೊದಲು ದಾಕು ಹಾಕಿಸಿಕೊಂಡದ್ದು 1802ರ ಜೂನ್ 14ರಂದು, ಮುಂಬಯಿಯಲ್ಲಿ, ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿ. ಔಷಧವನ್ನು ಸೀಸೆಯಲ್ಲಿಟ್ಟು ಕಳುಹಿಸುವ ಅನುಕೂಲ ಆಗ ಇರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಇನ್ನೊಂದು ಮಗುವಿನ ತೋಳಿಗೆ, ಅಲ್ಲಿಂದ ಮತ್ತೊಂದಕ್ಕೆ, ಹೀಗೆ ತೋಳಿನಿಂದ ತೋಳಿಗೆ ಊರೂರು ದಾಟಿಸಬೇಕಾಗಿತ್ತು. ಯಾವ ಜಾತಿಯ ಮಗುವಿನ ರಸ ಯಾವ ಜಾತಿಯ ಮಗುವಿಗೋ! ಸಿಡುಬನ್ನು ಅಮ್ಮನೆಂದು ಕರೆದು, ಬೇವಿನ ಸೊಪ್ಪು ಕಟ್ಟಿ, ತಂಪೆರೆದು ಒಲಿಸಿಕೊಳ್ಳುತ್ತಿದ್ದ ಜನಕ್ಕೆ ಕಂಪೆನಿಯ ಡಾಕ್ಟರನ ಸೂಜಿಯ ಮೇಲೆ ನಂಬಿಕೆ ಬರುವುದೆಂತು?

ಆ ನಂಬಿಕೆಯನ್ನು ಹುಟ್ಟಿಸಲೆಂದೇ ಈ ಚಿತ್ರವನ್ನು ಬರೆಸಿದರೆಂಬುದು ಚಾನ್ಸೆಲರ್ ಅವರ ವಾದ. ಕಿರಿಯ ರಾಣಿ ತೋರಿಸುತ್ತಿರುವುದು ದಾಕು ಹಾಕಿಸಿಕೊಂಡ ಜಾಗವನ್ನು. ಹಿರಿಯ ರಾಣಿಯ ಮೂಗಿನ ಕೆಳಗೆ, ಬಾಯಿಯ ಸುತ್ತ, ಚರ್ಮ ಮಾಸಿದಂತಿದೆ. ಸಿಡುಬಿನ ಒಣಗಿದ ಹಕ್ಕಳೆಯನ್ನು ಪುಡಿಮಾಡಿ ಮೂಗಿಗೆ ಏರಿಸುವ ಹಳೆಯ ಪದ್ಧತಿಯ ಗುರುತು ಅದು. ಅಪಾಯವುಳ್ಳ ಹಳೆಯ ಮಾರ್ಗ ಎಡಗಡೆ. ಮುಖಕ್ಕೆ ಕಲೆಯಿಲ್ಲದ ಹೊಸ ಮಾರ್ಗ ಬಲಗಡೆ. ನಡುವೆ ಮನೆಯ ಹಿರಿಯರ ಒಪ್ಪಿಗೆ! ದೇವಾಜಮ್ಮಣ್ಣಿಯವರು ದಾಕು ಹಾಕಿಸಿಕೊಂಡದ್ದರಿಂದ ಪ್ರಜೆಗಳೂ ಮುಂದೆ ಬಂದರೆಂಬ ಅರ್ಥದ 1806ರ ದಾಖಲೆಯೊಂದನ್ನೂ ಚಾನ್ಸೆಲರ್ ಪತ್ತೆಹಚ್ಚಿದ್ದಾರೆ. ಚಿತ್ರದಲ್ಲಿರುವವರ ಗುರುತು ಒಬ್ಬ ವಿದ್ವಾಂಸರ ತೀರ್ಮಾನವೆಂಬುದು ನಿಜ. ಆದರೆ ಆ ತೀರ್ಮಾನಕ್ಕೆ ಆಧಾರಗಳು ಬಲವಾಗಿವೆ.

ಈ ವಾದವನ್ನು ಒಪ್ಪಿದರೆ ನಮ್ಮ ಮುಂದೆ ನಿಲ್ಲುವುದು ಎಂಥ ದೃಶ್ಯ! ಹನ್ನೆರಡು ವರ್ಷದ ಹುಡುಗಿ. ಗೋಷೆಯ ಅರಮನೆ. ಎದುರಿಗೆ ಅರವತ್ತು ದಾಟಿದ ಬಿಳಿಯ ಮುದುಕ, ಕೈಯಲ್ಲಿ ಬಣ್ಣದ ಹಲಗೆ. ಸಾವಿರಾರು ಮಕ್ಕಳ ಪ್ರಾಣ ಉಳಿಯಲೆಂದು ಆಕೆ ಸೆರಗನ್ನು ಅಷ್ಟು ಸರಿಸಿ ನಿಂತಳು. ಲೋಕ ಅದಕ್ಕೆ ಕೊಟ್ಟ ಪ್ರತಿಫಲವೆಂದರೆ, ಎರಡು ಶತಮಾನಗಳ ಕಾಲ ಆಕೆಯನ್ನು ನರ್ತಕಿಯೆಂದು ಕರೆದದ್ದು. 2007ರಲ್ಲಿ ಲಂಡನ್ನಿನ ಸಾದಬೀಸ್ ಹರಾಜುಸಂಸ್ಥೆಯ ಮೂಲಕ ಈ ಚಿತ್ರ ಮಾರುಕಟ್ಟೆಗೆ ಬಂದಿತು.

ಮಲೆಯೂರಿನ ಧರ್ಮಯ್ಯನವರು

ಮೂರನೆಯ ಮುಖಕ್ಕಾಗಿ ಚಾಮರಾಜನಗರ ತಾಲ್ಲೂಕಿನ ಮಲೆಯೂರಿಗೆ ಬರಬೇಕು. ಜೈನರು ಕನಕಗಿರಿಯೆಂದು ಪೂಜಿಸುವ ಬೆಟ್ಟ ಇಲ್ಲಿಯದು. ಮಹಾ ವೈಯಾಕರಣನಾದ ಪೂಜ್ಯಪಾದನ ಹೆಸರು ಈ ಬೆಟ್ಟದೊಡನೆ ಹೆಣೆದುಕೊಂಡಿದೆ. ‘ರಾಜಾವಳಿ ಕಥೆ’ಯನ್ನು ಬರೆದ ದೇವಚಂದ್ರನು 1770ರಲ್ಲಿ ಹುಟ್ಟಿದ್ದು ಇಲ್ಲಿಯೇ.

ಶ್ರೀರಂಗಪಟ್ಟಣ ಬಿದ್ದಮೇಲೆ ಮೈಸೂರು ಸೀಮೆಯನ್ನು ಅಳೆಯುವ ಕೆಲಸ ಕಾಲಿನ್ ಮೆಕೆಂಜಿ ಎಂಬ ಸ್ಕಾಟ್ಲೆಂಡಿನವನಿಗೆ ಬಿದ್ದಿತು. ಆತ ನೆಲವನ್ನು ಮಾತ್ರ ಅಳೆಯಲಿಲ್ಲ. ಶಾಸನ, ತಾಳೆಯ ಗರಿ, ಕಡತ, ನಾಣ್ಯ, ಊರಿನ ಕೈಫಿಯತ್ತು, ಸಿಕ್ಕಿದ್ದನ್ನೆಲ್ಲ ಕೂಡಿಹಾಕಿದನು. ಆದರೆ ಆತನಿಗೆ ನಮ್ಮ ಭಾಷೆಗಳು ಬಾರವು. ಓದಿದವರು, ಬರೆದವರು, ಹಳ್ಳಿಹಳ್ಳಿ ಅಲೆದವರು ನಮ್ಮವರೇ. ಏಲೂರಿನ ಕಾವಲಿ ಬೋರಯ್ಯ, ಆತನು 1803ರಲ್ಲಿ ತೀರಿಕೊಂಡ ಮೇಲೆ ತಮ್ಮನಾದ ಲಕ್ಷ್ಮಯ್ಯ, ಹಾಗೂ ಹಳಗನ್ನಡ ಶಾಸನಗಳನ್ನು ಓದಬಲ್ಲ ಮಲೆಯೂರಿನ ಜೈನ ವಿದ್ವಾಂಸರಾದ ಧರ್ಮಯ್ಯನವರು. ಮೆಕೆಂಜಿ ಕನಕಗಿರಿಗೆ ಬಂದುದನ್ನೂ, ತಾನು ಆತನನ್ನು ಕಂಡು ಕೆಲಕಾಲ ಜೊತೆಗಿದ್ದುದನ್ನೂ ದೇವಚಂದ್ರನೇ ಬರೆದಿಟ್ಟಿದ್ದಾನೆ. ಮುಂದೆ ಅರಮನೆಯ ದೇವೀರಮ್ಮಣ್ಣಿಯವರ ಅಪೇಕ್ಷೆಯಂತೆ ಆತನು ‘ರಾಜಾವಳಿ ಕಥೆ’ಯನ್ನು ಮುಗಿಸಿದ್ದು 1838ರ ಸುಮಾರಿಗೆ.

ಮೆಕೆಂಜಿಯ ಸಂಗ್ರಹದ ಗಾತ್ರವನ್ನು ಹೇಳಿದರೆ ಬೆರಗಾಗುತ್ತದೆ: 1,568 ಹಸ್ತಪ್ರತಿಗಳು, 8,076 ಶಾಸನಗಳು, 6,218 ನಾಣ್ಯಗಳು! 1821ರಲ್ಲಿ ಆತನು ತೀರಿಕೊಂಡ ಮೇಲೆ ಸರ್ಕಾರ ಇದನ್ನು ಆತನ ಹೆಂಡತಿಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡುಕೊಂಡಿತು. ಇದರಲ್ಲಿಯ ಕನ್ನಡ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ಕನ್ನಡ ನಾಡಿನ ಚರಿತ್ರೆಯನ್ನು ಬರೆಯುವವರು ಇಂದಿಗೂ ಈ ಕಣಜದಿಂದ ಕಾಳು ತೆಗೆಯುತ್ತಲೇ ಇದ್ದಾರೆ.

1815ರಲ್ಲಿ ಮೆಕೆಂಜಿ ಇಡೀ ಇಂಡಿಯಾದ ಸರ್ವೇಯರ್ ಜನರಲ್ ಆದನು. ಆ ಹುದ್ದೆಗೆ ಮೊದಲಿಗನು ಆತನೇ. ಮರುವರ್ಷ, ಮದರಾಸಿನಲ್ಲಿ, ಎಪ್ಪತ್ತೈದರ ಮುದುಕ ಹಿಕಿ ಆತನ ಭಾವಚಿತ್ರವನ್ನು ಬರೆದನು. ಅಧಿಕಾರಿಯ ಚಿತ್ರವೆಂದಮೇಲೆ ಕೆಂಪು ಕೋಟು, ಗತ್ತಿನ ನಿಲುವು ಇರಬೇಕಾದದ್ದೇ. ಆದರೆ ಮೆಕೆಂಜಿ ಒಬ್ಬನೇ ನಿಂತಿಲ್ಲ. ಆತನ ಸುತ್ತ ಮೂವರು ಭಾರತೀಯರಿದ್ದಾರೆ. ದುರ್ಬೀನು ಹಿಡಿದವನು ಸೇವಕ ಕಿಸ್ತ್ನಾಜಿ, ಇನ್ನೊಬ್ಬನು ಕಾವಲಿ ಲಕ್ಷ್ಮಯ್ಯ. ತಾಳೆಯ ಗರಿಯ ಕಟ್ಟನ್ನು ಹಿಡಿದವರೇ ನಮ್ಮ ಧರ್ಮಯ್ಯನವರೆಂದು ವಿದ್ವಾಂಸರು ಗುರುತಿಸಿದ್ದಾರೆ. ದೂರದ ಗುಡ್ಡದ ಮೇಲೆ ಮುಗಿಲಿಗೆ ತಲೆಯೆತ್ತಿ ನಿಂತಿರುವ ಗೊಮ್ಮಟನು, 1432ರಲ್ಲಿ ಕಾರ್ಕಳದಲ್ಲಿ ಪ್ರತಿಷ್ಠೆಗೊಂಡ ಬಾಹುಬಲಿ.

ಈ ಚಿತ್ರ ಇಂದು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದ ಸ್ವತ್ತು. ಸೇವಕರನ್ನು ಹಿನ್ನೆಲೆಗೆ ಸೇರಿಸಿ ಸಾಹೇಬರ ಚಿತ್ರ ಬರೆಯುವ ಪದ್ಧತಿ ಅಂದು ಸಾಮಾನ್ಯ. ಪಲ್ಲಕ್ಕಿ, ಹುಕ್ಕ, ಕೊಡೆ ಹಿಡಿದವರು ಅವುಗಳಲ್ಲಿ ಹೇರಳ. ಆದರೆ ಇಲ್ಲಿ ಧರ್ಮಯ್ಯನವರ ಕೈಯಲ್ಲಿರುವುದು ಕೊಡೆಯಲ್ಲ, ಗ್ರಂಥ. ಅಳೆಯುವ ದುರ್ಬೀನಿನಷ್ಟೇ ಓದುವ ಕಣ್ಣೂ ಈ ಕೆಲಸಕ್ಕೆ ಬೇಕಾಯಿತೆಂಬುದನ್ನು ಆ ಚಿತ್ರ ಒಪ್ಪಿಕೊಳ್ಳುತ್ತದೆ. ಹಳಗನ್ನಡವನ್ನು ಕಲಿಸುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಪೂರ್ವಜ ಬೇಕೆ? ಮಾರ್ಗಕವಿಗಳ ಭಾವಚಿತ್ರಗಳೆಲ್ಲ ಈಚಿನವರ ಊಹೆಗಳು. ಇಲ್ಲಿಯಾದರೋ, ಹಳಗನ್ನಡ ಬಲ್ಲ ಒಬ್ಬ ಕನ್ನಡಿಗರನ್ನು ಎದುರಿಗೆ ನಿಲ್ಲಿಸಿಕೊಂಡು ಬರೆದ ಮುಖವಿದೆ. ಅದೂ ಕ್ಯಾಮೆರಾ ಹುಟ್ಟುವುದಕ್ಕೆ ಎರಡು ದಶಕಗಳ ಮೊದಲು.

ಉಳಿದದ್ದು

ಹಿಕಿಯ ಕೊನೆಯ ವರ್ಷಗಳಲ್ಲಿ ಹೇಳಿಕೊಳ್ಳುವಂಥ ಸಿರಿಯೇನೂ ಕಾಣದು. 1802ರಲ್ಲಿ ಜಾರ್ಜ್ ಚಿನ್ನರಿ ಎಂಬ ಚತುರ ಚಿತ್ರಕಾರ ಮದರಾಸಿಗೆ ಬಂದಮೇಲೆ ಗಿರಾಕಿಗಳು ಅತ್ತ ವಾಲಿದರು. ಕೆಲವು ವರ್ಷ ಕಲ್ಕತ್ತೆಗೆ ಹೋಗಿದ್ದ ಹಿಕಿ ಮತ್ತೆ ಮದರಾಸಿಗೆ ಬಂದು, 1824ರಲ್ಲಿ, ಎಂಬತ್ತಮೂರರ ಇಳಿವಯಸ್ಸಿನಲ್ಲಿ ಅಲ್ಲಿಯೇ ಕಣ್ಣುಮುಚ್ಚಿದನು. ಎರಡನೆಯ ಸಲ ಹಡಗಿನಿಂದಿಳಿದವನು ಮರಳಿ ಡಬ್ಲಿನ್ನನ್ನು ಕಾಣಲಿಲ್ಲ. ಕಲಾವಿಮರ್ಶಕರು ಆತನನ್ನು ಮೊದಲ ಪಂಕ್ತಿಯಲ್ಲಿ ಕುಳ್ಳಿರಿಸುವುದಿಲ್ಲ. ಆತನು ಬರೆದದ್ದು ತನ್ನ ಹೊಟ್ಟೆಗಾಗಿ, ಕಂಪೆನಿಯ ವೈಭವಕ್ಕಾಗಿ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಎದುರಿಗೆ ನಿಂತ ಮನುಷ್ಯನನ್ನು ನೋಡುವಾಗ ಆತನ ಕಣ್ಣು ಸುಳ್ಳಾಡಲಿಲ್ಲ.

ನಮ್ಮ ಶಿಲ್ಪಿಗಳ ಒಂದು ಪದ್ಧತಿಯನ್ನು ಇಲ್ಲಿ ನೆನೆಯಬೇಕು. ಚಾಮುಂಡಿಬೆಟ್ಟದ ದೇವಾಲಯದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕೈಮುಗಿದು ನಿಂತಿರುವ ಭಕ್ತವಿಗ್ರಹವುಂಟು. ಪಕ್ಕದಲ್ಲಿ ರಾಣಿಯರ ವಿಗ್ರಹಗಳು. ಪೀಠದ ಮೇಲೆ ಹೆಸರನ್ನು ಕೆತ್ತಿದೆ. ರೂಪ ಎಷ್ಟು ಹೋಲುತ್ತದೆಯೋ ಹೇಳಲಾರೆವು, ಹೆಸರಂತೂ ತಪ್ಪುವುದಿಲ್ಲ. ಹಿಕಿಯ ಚಿತ್ರಗಳಲ್ಲಿ ಇದಕ್ಕೆ ತಿರುಗುಮುರುಗು. ಮುಖ ಉಳಿಯಿತು; ಹೆಸರು ಜಾರಿಹೋಯಿತು. ಹೆಸರು ಜಾರಿದ ಕೂಡಲೇ ರಾಣಿ ನರ್ತಕಿಯಾದಳು, ಪಂಡಿತ ಸೇವಕರಲ್ಲಿ ಒಬ್ಬನಾದನು. ಮುಖಕ್ಕೆ ಹೆಸರನ್ನು ಮರಳಿ ಕೂಡಿಸುವುದಕ್ಕೆ ವಿದ್ವಾಂಸರು ಎರಡು ಶತಮಾನ ಕಾಯಬೇಕಾಯಿತು.

ಚಿತ್ರಗಳು ಮರಳಿ ಬರುತ್ತವೆಂದು ಕಾದು ಕುಳಿತಿರಬೇಕಾಗಿಲ್ಲ. ಪೂರ್ಣಯ್ಯನವರ ಒಂದು ಒಳ್ಳೆಯ ಪ್ರತಿ ಯಳಂದೂರಿನಲ್ಲಿ, ಧರ್ಮಯ್ಯನವರ ಒಂದು ಪ್ರತಿ ಮಲೆಯೂರಿನ ಶಾಲೆಯಲ್ಲಿ, ರಾಣಿಯವರ ಒಂದು ಪ್ರತಿ ಚಾಮರಾಜನಗರದ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ತೂಗಿದರೆ ಆಗುವ ವೆಚ್ಚ ದೊಡ್ಡದಲ್ಲ. ಕೆಳಗೆ ದಪ್ಪ ಕನ್ನಡ ಅಕ್ಷರಗಳಲ್ಲಿ ಹೆಸರು, ಊರು, ಇಸವಿಗಳಿರಲಿ. ಬರೆದವನ ಹೆಸರೂ ಒಂದು ಮೂಲೆಯಲ್ಲಿರಲಿ.